ಬೆರಳು, ದೀಪ, ತಗಡು, ಕೊನೆಗೆ ಬಾಯಿ

ಗಂಟಲಿನ ವಾರ್ಡು, ಮೂರನೇ ಮಹಡಿ, ಹಾಸಿಗೆ ನಂಬರು ಹನ್ನೊಂದು
ತಾರೀಖು ೧೭, ಭಾನುವಾರ, ಮಧ್ಯಾಹ್ನ ಎರಡೂವರೆ

ಪ್ರೀತಿಯ ತಮ್ಮಾ,

ಮೊದಲು ನಿನ್ನ ಸಮಾಚಾರ ಹೇಳು. ಹೇಗಿದ್ದೀಯ? ಕತ್ತು, ಬೆನ್ನು, ಕಣ್ಣು ಎಲ್ಲ ಸರಿಯಾಗಿವೆಯಾ? ಇಡೀ ದಿನ ಬಗ್ಗಿ ಕೂತು ಕನ್ನಡಕದ ಗಾಜು ಉಜ್ಜುವವನಿಗೆ ಕತ್ತು ಹಿಡಿದುಕೊಳ್ಳದೆ ಇರುವುದಿಲ್ಲ, ಸಂಜೆ ಬಿಸಿನೀರಿನ ಬಟ್ಟೆ ಇಟ್ಟುಕೋ. ನಿನ್ನ ಕೆಲಸ ನನಗೆ ಹೇಗೆ ಗೊತ್ತು ಅಂತ ಹುಬ್ಬು ಗಂಟಿಕ್ಕಬೇಡ. ಮೂರು ವರ್ಷದ ಹಿಂದೆ ನಿನ್ನ ಮನೆಯಾಕೆ ಒಂದು ಕಾರ್ಡು ಬರೆದಿದ್ದಳು, ನಿನಗೆ ತಿಳಿಯದ ಹಾಗೆ. ಹೆಣ್ಣುಮಗು ಹುಟ್ಟಿದೆ, ನೀನು ಕನ್ನಡಕದ ಅಂಗಡಿಯಲ್ಲಿದ್ದೀಯ, ಮನೆ ಎರಡನೇ ಮಹಡಿಯಲ್ಲಿ, ಹೀಗೆ ನಾಲ್ಕೈದು ಸಾಲು. ಅವಳನ್ನು ಬೈಯಬೇಡ, ಅವಳು ಮಾಡಿದ್ದು ನಮ್ಮ ಮನೆಯಲ್ಲಿ ಹತ್ತೊಂಬತ್ತು ವರ್ಷದಲ್ಲಿ ಯಾರೂ ಮಾಡದ ಕೆಲಸ. ಮಗು ಈಗ ಮಾತು ಕಲಿತಿರಬೇಕು. ದೊಡ್ಡಪ್ಪನ ಗಂಟಲೇನಾದರೂ ಬಂದಿದ್ದರೆ ನಿಮ್ಮ ಬೀದಿಯವರ ಗತಿ ಮುಗಿಯಿತು.

ಇನ್ನು ನನ್ನ ಸಮಾಚಾರ. ಗಂಟೆ ಬಾರಿಸಲಿ, ಪರದೆ ಏಳಲಿ! ರಂಗದ ಮೇಲೆ ಒಂದು ಕಬ್ಬಿಣದ ಮಂಚ, ಬಣ್ಣ ಮಾಸಿದ ಹಸಿರು ಅಂಗಿಯಲ್ಲಿ ನಿನ್ನ ಅಣ್ಣ, ಎದುರಿನ ಗೋಡೆಯಲ್ಲಿ ನಾಲ್ಕು ನಿಮಿಷ ಮುಂದೆ ಓಡುವ ಒಂದು ಗಡಿಯಾರ. ನಾಳೆ ಬೆಳಿಗ್ಗೆ ಎಂಟಕ್ಕೆ ನನ್ನ ಗಂಟಲ ಪೆಟ್ಟಿಗೆಯನ್ನು ಬುಡಸಮೇತ ತೆಗೆಯುತ್ತಾರೆ. ಗಡ್ಡೆ ಅದರೊಳಗೆ ಬೇರು ಬಿಟ್ಟಿದೆಯಂತೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಮಗೊಬ್ಬಳು ಅಕ್ಕ ಇದ್ದಿದ್ದರೆ ಅವಳ ಮಗಳ ವಯಸ್ಸು. "ಉಸಿರಾಡೋಕೆ ಕುತ್ತಿಗೇಲಿ ಒಂದು ತೂತು ಇರುತ್ತೆ. ಮಾತು ಇರಲ್ಲ" ಅಂದರು. ಆಮೇಲೆ, "ನೀವು ಏನು ಕೆಲಸ ಮಾಡ್ತಿದ್ರಿ?" ಅಂತ ಕೇಳಿದರು. "ಮಾತಾಡ್ತಿದ್ದೆ" ಅಂದೆ. ಪಾಪ, ಅವರ ಪೆನ್ನು ಅಲ್ಲೇ ನಿಂತುಬಿಟ್ಟಿತು.

ಎಂಟನೇ ವಯಸ್ಸಿಗೆ ಸೋದರಮಾವನ ನಾಟಕ ಕಂಪನಿ ಸೇರಿದ ಗಂಟಲು ಇದು. "ಮೈಕು ಕೆಟ್ಟರೂ ನಾಟಕ ನಿಲ್ಲಬಾರದು ಕಣೋ, ಕೊನೇ ಬೆಂಚಿನ ಕಿವುಡನಿಗೂ ನಿನ್ನ ಸಾವು ಕೇಳಿಸಬೇಕು" ಅಂತ ಮಾವ ತಿದ್ದಿ ತೀಡಿದ ಗಂಟಲು. ಕಂಪನಿ ಮುಚ್ಚಿದ ಮೇಲೆ ಅಪ್ಪ ಕ್ರಿಕೆಟ್ ಕ್ಲಬ್ಬಿನ ಕಾರ್ಯದರ್ಶಿಯ ಕಾಲು ಕೈ ಹಿಡಿದು ಮೈದಾನದ ಮೈಕಿನ ಮುಂದೆ ಕೂರಿಸಿದ ಗಂಟಲು. ಅದಕ್ಕೆ ನಾಳೆ ಎಂಟು ಗಂಟೆಗೆ ಮಂಗಳ. ಪಕ್ಕದ ಹಾಸಿಗೆಯಲ್ಲಿ ಒಬ್ಬ ದರ್ಜಿ ಇದ್ದಾನೆ. ಅವನದು ಹತ್ತು ದಿನದ ಹಿಂದೆಯೇ ಆಗಿದೆ. ಕುತ್ತಿಗೆಗೆ ಸ್ಲೇಟು ಕಟ್ಟಿಕೊಂಡು ಸೀಮೆಸುಣ್ಣದಲ್ಲಿ ಮಾತಾಡುತ್ತಾನೆ, ಮಾತಾಡಿದ್ದನ್ನು ತೋಳಿನಲ್ಲಿ ಒರೆಸುತ್ತಾನೆ. ನಿನ್ನೆ ನಾನು ನರ್ಸಮ್ಮನಿಗೆ ಕಥೆ ಹೇಳುತ್ತಾ ಹೇಳುತ್ತಾ ಮೈಮರೆತಿದ್ದಾಗ ಸ್ಲೇಟು ಎತ್ತಿ ತೋರಿಸಿದ: "ಸ್ವಲ್ಪ ನಾಳಿದ್ದಿಗೂ ಉಳಿಸಿಕೊಳ್ಳಿ ಸ್ವಾಮಿ." ಇಡೀ ವಾರ್ಡು ನಕ್ಕಿತು, ಸದ್ದಿಲ್ಲದೆ. ಸದ್ದಿಲ್ಲದ ನಗು ನೋಡಿದ್ದೀಯಾ? ಹನ್ನೆರಡು ಜನ, ಭುಜ ಮಾತ್ರ ಕುಣಿಯುತ್ತವೆ. ನನಗೂ ಒಂದು ಹೊಸ ಸ್ಲೇಟು ಕೊಟ್ಟಿದ್ದಾರೆ. ದಿಂಬಿನ ಕೆಳಗೆ ಮಗುಚಿ ಇಟ್ಟಿದ್ದೇನೆ. ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರ ನೋಡಿದರೆ ನನಗೆ ಮೈದಾನದ ಸ್ಕೋರ್‌ಬೋರ್ಡು ನೆನಪಾಗುತ್ತದೆ, ಬೋರ್ಡು ನೆನಪಾದರೆ ಅಪ್ಪ.

ನಮ್ಮ ಸ್ಪಿನ್ ಬೌಲರ್ ಬುಗುರಿ ಸತ್ತ ಸುದ್ದಿ ನಿನಗೂ ತಲುಪಿರಬೇಕು. ಗುರುವಾರ ಮಧ್ಯಾಹ್ನ, ಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದ ಹಾಗೆಯೇ. ನೀನು ಆಟ ನೋಡುವುದನ್ನು ಬಿಟ್ಟಿದ್ದೀಯ, ಪತ್ರಿಕೆಯ ಕೊನೆಯ ಪುಟವನ್ನು ಮಡಚಿ ಇಡುತ್ತೀಯ ಅಂತ ಆ ಕಾರ್ಡಿನಲ್ಲಿತ್ತು. ಆದರೆ ಇದು ಮೊದಲ ಪುಟಕ್ಕೇ ಬಂದಿದೆ, ಮಡಚಿಡುವುದಾದರೂ ಎಲ್ಲಿ? ಮೂರು ದಿನದಿಂದ ರೇಡಿಯೋದಲ್ಲಿ ಅವನದೇ ಹಳೆಯ ಪಂದ್ಯಗಳು. ಇವತ್ತು ಸಂಜೆ ಐದಕ್ಕೆ ಕೊನೆಯ ಪಂದ್ಯದ್ದು ಹಾಕುತ್ತಾರಂತೆ, ಐನೂರನೇ ವಿಕೆಟ್ಟಿನ ಆ ಓವರು, ಪೂರ್ತಿ. ವಾರ್ಡಿನವರೆಲ್ಲ ಕಾಯುತ್ತಿದ್ದಾರೆ. ಮೈದಾನದ ಮೈಕು ನನ್ನದಾಗಿತ್ತು ಅಂತ ನಾನೇ ಬಾಯಿಬಡಿದುಕೊಂಡಿದ್ದೇನೆ, ಹಾಗಾಗಿ ಅದರಲ್ಲಿ ನನ್ನ ದನಿಯೂ ಕೇಳಬಹುದು ಅಂತ ಅವರಿಗೆ ಸಂಭ್ರಮ. ಅಮ್ಮ ನಾಲ್ಕೂವರೆಗೆ ಬರುತ್ತಾಳೆ. ರೇಡಿಯೋ ಶುರುವಾಗುವ ಮೊದಲು ಅವಳಿಗೆ ನನ್ನ ಬಾಯಿಂದಲೇ ಹೇಳಬೇಕಾದ ಒಂದು ಮಾತಿದೆ. ನಿನಗೂ ಹೇಳಬೇಕಾದದ್ದು ಅದೇ. ಹೇಳುತ್ತೇನೆ. ಸ್ವಲ್ಪ ತಡಿ, ಮೊದಲು ಅವನ ವಿಷಯ ಮಾತಾಡಿಬಿಡೋಣ. ಅವನ ಬಗ್ಗೆ ನಾನು ಜೊತೆಯಲ್ಲಿ ಕೂತು ಅಳಬಹುದಾದ ಮನುಷ್ಯ ಈ ಭೂಮಿಯ ಮೇಲೆ ನೀನೊಬ್ಬನೇ.

ಆಹಾ, ನಾಲ್ಕೇ ಹೆಜ್ಜೆ! ಉಳಿದವರು ಬೇಲಿಯಿಂದ ಓಡಿಬಂದು ನೆಲ ನಡುಗಿಸುತ್ತಿದ್ದ ಕಾಲದಲ್ಲಿ ಇವನು ಅಂಗಳದಲ್ಲಿ ಏನೋ ಮರೆತವನ ಹಾಗೆ ನಾಲ್ಕು ಹೆಜ್ಜೆ ಹಾಕಿ ಬರುತ್ತಿದ್ದ. ಆ ತೋರುಬೆರಳು ನೆನಪಿದೆಯಾ, ಮೊದಲ ಗೆಣ್ಣಿನಲ್ಲಿ ಹೊರಕ್ಕೆ ಬಾಗಿದ್ದು? ಚೆಂಡಿನ ಹೊಲಿಗೆ ತಿಕ್ಕಿ ತಿಕ್ಕಿ ಅಲ್ಲಿ ಚರ್ಮ ಕೊಂಬಿನ ಹಾಗೆ ಗಟ್ಟಿಯಾಗಿತ್ತು. ಕೈಬಿಟ್ಟ ಚೆಂಡು ಜುಂಯ್ ಎನ್ನುತ್ತಾ ಮೇಲೇರಿ, ಇಳಿಯುವ ಮುಂಚೆ ಗಾಳಿಯಲ್ಲಿ ಒಂದು ಕ್ಷಣ ನಿಂತು ಯೋಚನೆ ಮಾಡುತ್ತಿತ್ತು. ಬ್ಯಾಟು ಹಿಡಿದವನು ಆ ಯೋಚನೆಯನ್ನು ತಾನು ಓದಿದೆ ಅಂದುಕೊಂಡು ಮುಂದೆ ಬರುತ್ತಿದ್ದ, ಅಷ್ಟೇ, ಅವನ ಕಥೆ ಮುಗಿಯುತ್ತಿತ್ತು. ಔಟಾದವನು ಮುಖ ಸಿಂಡರಿಸಿಕೊಂಡು ಹೋಗುತ್ತಿರಲಿಲ್ಲ, ಮೋಸಹೋದೆನಲ್ಲ ಅಂತ ನಗುತ್ತಾ ಹೋಗುತ್ತಿದ್ದ. ನಾನು ನಾಟಕದಲ್ಲಿ ಎಷ್ಟೋ ರಾಜರನ್ನು ಕೊಂದಿದ್ದೇನೆ, ಒಬ್ಬನನ್ನೂ ಅಷ್ಟು ಮರ್ಯಾದೆಯಿಂದ ಕೊಂದಿಲ್ಲ.

ಆದರೆ ಭಕ್ತ ಅಂದರೆ ಅಪ್ಪ. ಇಪ್ಪತ್ತಾರು ವರ್ಷ ಆ ಬೋರ್ಡಿನ ಹೊಟ್ಟೆಯೊಳಗೆ ಕಳೆದರು. ಕಬ್ಬಿಣದ ಚೌಕಟ್ಟು, ಮೂರು ಹಲಗೆಯ ಅಟ್ಟ, ಬೇಸಿಗೆಯಲ್ಲಿ ರೊಟ್ಟಿ ಸುಡುವಷ್ಟು ಕಾದ ತಗಡು, ಬಣ್ಣದ ಡಬ್ಬಿಗಳ ವಾಸನೆ, ಪಾರಿವಾಳದ ಹಿಕ್ಕೆ. ಬೌಲರಿನ ಸಾಲು ಎಲ್ಲಕ್ಕಿಂತ ಮೇಲೆ, ಮೂರನೇ ಅಟ್ಟದ ಮೇಲೆ ಏಣಿ ಇಟ್ಟು ಹತ್ತಬೇಕು. ಬುಗುರಿ ಆಡುವಾಗ ಆ ಸಾಲಿನಲ್ಲಿ ಅವನ ಜೀವಮಾನದ ಒಟ್ಟು ವಿಕೆಟ್ಟು ತೋರಿಸಬೇಕು ಅಂತ ಕಾರ್ಯದರ್ಶಿಯ ಹತ್ತಿರ ಹಠ ಹಿಡಿದು ಒಪ್ಪಿಸಿದ್ದೇ ಅಪ್ಪ. ಆದರೆ ಅವನು ನಮ್ಮ ಮೈದಾನದಲ್ಲಿ ಉರುಳಿಸಿದ ಒಂದೇ ಒಂದು ವಿಕೆಟ್ಟನ್ನೂ ಅಪ್ಪ ಕಣ್ಣಿಂದ ನೋಡಲಿಲ್ಲ! ಅವನು ಚೆಂಡು ಕೈಗೆ ತೆಗೆದುಕೊಂಡ ಕೂಡಲೇ ಅಪ್ಪ ಮುಂದಿನ ಅಂಕಿಯ ತಗಡನ್ನು ಎದೆಗವಚಿಕೊಂಡು, ಏಣಿಯ ಬುಡದಲ್ಲಿ, ಮೈದಾನಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದರು. "ನೋಡ್ತಾ ನಿಂತ್ರೆ ಲೇಟಾಗುತ್ತೆ. ಲೇಟಾದ್ರೆ ಅವನಿಗೆ ಅವಮಾನ" ಅನ್ನುತ್ತಿದ್ದರು. ಕಿಂಡಿಯಲ್ಲಿ ಕಣ್ಣಿಟ್ಟು ನೀನು ಹೇಳಬೇಕು, ಅವರು ಕೇಳಬೇಕು. "ಬಂದ ಅಪ್ಪಾ... ಬಿಟ್ಟ... ಮುಂದೆ ಬಂದ ಪೆದ್ದ... ತಪ್ಪಿಸಿಕೊಂಡ!" ಅಪ್ಪನ ಕಣ್ಣು ನೀನಾಗಿದ್ದೆ. ನಾನು ಅವರ ಬಾಯಿ. ಇಬ್ಬರು ಮಕ್ಕಳನ್ನು ಹೀಗೆ ಹಂಚಿಕೊಂಡಿದ್ದರು ಮಹಾರಾಯರು.

ಕಟ್ಟಲೆ ನೆನಪಿದೆಯಲ್ಲ? ಅಂಪೈರ್ ಬೆರಳೆತ್ತುತ್ತಾನೆ. ಪೆವಿಲಿಯನ್ನಿನಲ್ಲಿ ಸ್ಕೋರು ಬರೆಯುವವರು ಅದನ್ನು ನೋಡಿ ಸ್ವಿಚ್ಚು ಒತ್ತುತ್ತಾರೆ, ಮಾಡಿನ ಮೇಲಿನ ಕೆಂಪು ದೀಪ ಹತ್ತುತ್ತದೆ. ಕಿಂಡಿಯಿಂದ ನೀನು ದೀಪ ನೋಡಿ "ಹತ್ತು" ಅಂತ ಕೂಗಿ, ಓಡಿಬಂದು ಏಣಿಯ ಕಾಲು ಹಿಡಿಯುತ್ತೀಯ. ಅಪ್ಪ ಹತ್ತುತ್ತಾರೆ, ತಗಡು ಕೊಕ್ಕೆಗೆ ಬೀಳುತ್ತದೆ. ಅದು ಬಿದ್ದದ್ದು ಕಣ್ಣಿಗೆ ಕಂಡ ಮೇಲೆ ನಾನು ಬಾಯಿ ತೆಗೆಯಬೇಕು. ನನಗೆ ಆ ಕೆಲಸ ಕೊಡಿಸಿದ ದಿನ ಅಪ್ಪ ನಾಲ್ಕು ಬೆರಳು ಮಡಚಿ ಹೇಳಿದ್ದರು: "ಮೊದಲು ಬೆರಳು, ಆಮೇಲೆ ದೀಪ, ಆಮೇಲೆ ತಗಡು, ಎಲ್ಲದಕ್ಕಿಂತ ಕೊನೆಗೆ ನಿನ್ನ ಬಾಯಿ. ನಿನ್ನ ಗಂಟಲಿಗೆ ಬ್ರೇಕಿಲ್ಲ, ಅದಕ್ಕೇ ನಿನ್ನನ್ನ ಕೊನೆಗೆ ಇಟ್ಟಿದೀನಿ." ನೀನು ಕಿಸಕ್ಕನೆ ನಕ್ಕಿದ್ದೆ. ನಾನು ಒಂದು ವಾರ ನಿನ್ನ ಜೊತೆ ಮಾತು ಬಿಟ್ಟಿದ್ದೆ, ಅಂದರೆ ಅರ್ಧ ದಿನ.

ಅಮ್ಮ ಮಾತ್ರ ಈ ನಾಟಕಕ್ಕೆ ಬೆನ್ನು ತಿರುಗಿಸಿದವಳು. ಬುಗುರಿ ಬೌಲಿಂಗಿಗೆ ಬಂದ ಅಂತ ಕೇಳಿದ ಕೂಡಲೇ ಮನೆಯಲ್ಲಿ ರೇಡಿಯೋ ಆರಿಸಿಬಿಡುತ್ತಿದ್ದಳು. "ನಿಮಗೆಲ್ಲ ಅದು ವಿಕೆಟ್ಟು. ನನಗೆ ಆ ಮನುಷ್ಯ ಏಣಿ ಹತ್ತಿದ ಅಂತ ಲೆಕ್ಕ" ಅನ್ನುತ್ತಿದ್ದಳು. ನಾವು ಮೂವರೂ ನಗುತ್ತಿದ್ದೆವು.

ಅವನೊಮ್ಮೆ ಬೋರ್ಡಿನ ಹಿಂದೆ ಬಂದದ್ದನ್ನು ನೀನು ಮಗಳಿಗೆ ಹೇಳಿದ್ದೀಯೋ ಇಲ್ಲವೋ. ಇಲ್ಲದಿದ್ದರೆ ಹೇಳು. ಆಟ ನಿಂತಿದ್ದ ಮಧ್ಯಾಹ್ನ, ಒಬ್ಬನೇ ನಡೆದು ಬಂದು ತಗಡಿನ ಬಾಗಿಲು ತಳ್ಳಿ, "ನನ್ನ ಲೆಕ್ಕ ಇಡೋರು ಯಾರ್ರೀ ಇಲ್ಲಿ?" ಅಂದ. ಅಪ್ಪ ಪೆಟ್ಟಿಗೆ ತೆರೆದು, ಅವನಿಗಾಗಿಯೇ ಬೇರೆ ಬರೆದು ಬಟ್ಟೆ ಸುತ್ತಿಟ್ಟಿದ್ದ ಅಂಕಿಗಳನ್ನು ಒಂದೊಂದಾಗಿ ತೆಗೆದು ತೋರಿಸಿದರು. ಅವನು ಒಂಬತ್ತನ್ನು ಎತ್ತಿಕೊಂಡು ಆ ಸೊಟ್ಟ ಬೆರಳಿನ ಮೇಲೆ ತಿರುಗಿಸಿದ. ಅದು ಆರಾಯಿತು, ಒಂಬತ್ತಾಯಿತು, ಆರಾಯಿತು. "ಭಾರ ಇದೆ. ಹುಷಾರು" ಅಂತ ಹೇಳಿ ಹೋದ. ಅಪ್ಪ ಆ ಒಂಬತ್ತಕ್ಕೆ ಆಮೇಲೆ ಬಣ್ಣ ಹಚ್ಚಲೇ ಇಲ್ಲ. ಬೆರಳಿನ ಗುರುತು ಇದೆ ಅಂತ.

ಕೊನೆಯ ಪಂದ್ಯಕ್ಕೆ ನಮ್ಮ ಮೈದಾನವೇ ಸಿಕ್ಕಿತು ಅಂದಾಗ ಅಪ್ಪ ಮಗುವಾಗಿಬಿಟ್ಟರು. ಒಂದು ತಿಂಗಳು ಕೂತು ಐನೂರನ್ನು ಬರೆದರು. ಐದು, ಸೊನ್ನೆ, ಸೊನ್ನೆ ಅಂತ ಮೂರು ಬಿಡಿ ತಗಡಿನಲ್ಲಿ ಅಲ್ಲ, ಒಂದೇ ತಗಡಿನಲ್ಲಿ, ಬಾಗಿಲಷ್ಟು ಅಗಲ. "ಮೂರು ತುಂಡು ಮಾಡಿ ಹಾಕೋಕೆ ಅದೇನು ಸಾಮಾನ್ಯ ಅಂಕೀನಾ?" ಅಂದರು. ಎರಡೂ ಕೈಯಲ್ಲಿ ಹಿಡಿಯಬೇಕಾದ ತಗಡು. ಏಣಿ ಹಿಡಿಯಲು ಅಪ್ಪನಿಗೆ ಕೈ ಉಳಿಯುವುದಿಲ್ಲ, ಹಾಗಾಗಿ ಕೆಳಗಿನಿಂದ ನೀನು ಬಿಗಿಯಾಗಿ ಹಿಡಿಯಬೇಕು ಅಂತ ಹಿಂದಿನ ದಿನ ಆರು ಸಲ ಅಭ್ಯಾಸ ಮಾಡಿಸಿದರು. ಆರು ಸಲವೂ ನೀನು ಬಂಡೆಯ ಹಾಗೆ ಹಿಡಿದೆ. ನಾನು ಕೆಳಗೆ ನಿಂತು ಚಪ್ಪಾಳೆ ತಟ್ಟಿದ್ದೆ.

ಮಾರನೇ ದಿನ, ಊಟದ ಹೊತ್ತು ಮುಗಿದ ಮೇಲೆ, ಎರಡನೇ ಓವರು. ಬೋರ್ಡಿನ ಮೇಲೆ ನಾನೂರ ತೊಂಬತ್ತೊಂಬತ್ತು. ಅವನು ನಾಲ್ಕು ಹೆಜ್ಜೆ ಹಾಕಿದ, ಚೆಂಡು ಎದ್ದಿತು, ನಿಂತಿತು, ಇಳಿಯಿತು, ತಿರುಗಿತು. ಇಪ್ಪತ್ತು ಸಾವಿರ ಜನ ಎದ್ದು ನಿಂತು ಕೂಗಿದರು. "ಐನೂರು!" ಎಂದು ನನ್ನ ದನಿ ಮೊಳಗಿತು. ನೀನು ಕಿಂಡಿಯಲ್ಲಿದ್ದೆ. ಅಪ್ಪ ಏಣಿಯ ಮೇಲಿದ್ದರು. ಏಣಿ ಜಾರಿತು. ಮೂರು ಅಟ್ಟದಿಂದ ನೆಲಕ್ಕೆ, ಎದೆಯ ಮೇಲೆ ಐನೂರು. ನೀನು ಹಾರಿಕೊಂಡು ಇಳಿದು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಅವರು ಆಡಿದ ಕೊನೆಯ ಮಾತು ನಿನಗೊಬ್ಬನಿಗೇ ಕೇಳಿಸಿದ್ದು. "ಲೇಟಾಯ್ತಾ ಮಗಾ?" ಅಂದರಂತೆ. ಆ ಮಾತಿನ ಅರ್ಥ ಅವತ್ತು ಯಾರಿಗೂ ಆಗಲಿಲ್ಲ.

ಮೂರು ದಿನದ ಮೇಲೆ ಕಾರ್ಯದರ್ಶಿಯ ಕೋಣೆ. ಉದ್ದನೆಯ ಮೇಜು, ಗಾಜಿನ ಬೀರುವಿನಲ್ಲಿ ಬಹುಮಾನದ ಬಟ್ಟಲುಗಳು, ಮೂಲೆಯ ಕುರ್ಚಿಯಲ್ಲಿ ಅಮ್ಮ. "ಏಣಿ ಯಾಕಪ್ಪಾ ಹಿಡಿಲಿಲ್ಲ?" ಅಂತ ಕಾರ್ಯದರ್ಶಿ ನಿನ್ನನ್ನು ಕೇಳಿದರು. "ದೀಪ ಹತ್ತಿರ್ಲಿಲ್ಲ ಸಾರ್" ಅಂದೆ ನೀನು. ಮತ್ತೆ ಕೇಳಿದರು. ಮತ್ತೆ ಅದನ್ನೇ ಹೇಳಿದೆ. ಮೂರನೇ ಸಲ ಹೇಳುವಾಗ ನಿನ್ನ ದನಿ ಒಡೆಯಿತು. ಸ್ಕೋರು ಬರೆಯುವವರು ಎದ್ದು, "ನಾನು ಸ್ವಿಚ್ ಒತ್ತಿದೀನಿ, ಔಟಾಗಿದೆ, ಪುಸ್ತಕದಲ್ಲಿದೆ" ಅಂದರು. ಕಾರ್ಯದರ್ಶಿ ನನ್ನ ಕಡೆ ತಿರುಗಿದರು. "ನೀವು ಮೈಕಲ್ಲಿ ಹೇಳೋವಾಗ ದೀಪ ಹತ್ತಿತ್ತಾ?" "ಹತ್ತಿತ್ತು ಸಾರ್" ಅಂದೆ. ನೀನು ನನ್ನನ್ನು ನೋಡಿದೆ. ಸಿಟ್ಟಿನಿಂದ ನೋಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನೀನು ನನ್ನನ್ನು ನಂಬಿ ನೋಡಿದೆ.

ಆ ವಾರ ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿನ್ನನ್ನು ನಿಲ್ಲಿಸಿ, "ನಿಜ ಹೇಳು, ಕಿಂಡೀಲಿ ಏನು ನೋಡ್ತಿದ್ದೆ?" ಅಂದಳು. "ಬುಗುರಿ ಬೆರಳು ನೋಡ್ತಿದ್ದೆ ಅನ್ಸುತ್ತೆ ಅಮ್ಮ. ದೀಪ ನಾನೇ ನೋಡ್ಲಿಲ್ವೇನೋ" ಅಂದೆ ನೀನು. ಅವಳು ಗೋಡೆಯ ಕಡೆ ತಿರುಗಿದಳು. ನೀನು ಟ್ರಂಕು ಎತ್ತಿಕೊಂಡೆ. ಇಪ್ಪತ್ತೆರಡು ವರ್ಷದ ಗಂಡು, ಹಜಾರದಲ್ಲಿ ಚಪ್ಪಲಿ ಹಾಕಿಕೊಳ್ಳಲು ಎಷ್ಟೋ ಹೊತ್ತು ತೆಗೆದುಕೊಂಡೆ, ಯಾರಾದರೂ ನಿಲ್ಲು ಅನ್ನಲಿ ಅಂತ. ಇಪ್ಪತ್ತು ಸಾವಿರ ಜನರನ್ನು ಸುಮ್ಮನಿರಿಸುತ್ತಿದ್ದ ಗಂಟಲು ಒಳಕೋಣೆಯಲ್ಲಿ ಉಗುಳು ನುಂಗುತ್ತಾ ಕೂತಿತ್ತು.

ಬುಗುರಿ ಆ ಐನೂರನೇ ಚೆಂಡನ್ನು ನಮ್ಮ ಮನೆಗೆ ಕಳಿಸಿಕೊಟ್ಟ. ನೀನು ಹೋದ ಮೇಲೆ ಬಂತು, ನಿನಗೆ ಗೊತ್ತಿಲ್ಲ. ಅಮ್ಮ ಅದನ್ನು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಹಾಕಿ ಮುಚ್ಚಿದಳು. ಗುಂಡಿ ಹುಡುಕುವಾಗೆಲ್ಲ ಅದು ಒಳಗೆ ಉರುಳುವ ಸದ್ದು ಕೇಳುತ್ತದೆ, ಇಬ್ಬರೂ ಕೇಳಿಸದವರ ಹಾಗೆ ಇರುತ್ತೇವೆ. ಮೈದಾನದಲ್ಲಿ ಈಗ ದೀಪದಲ್ಲೇ ಅಂಕಿ ಬರೆಯುವ ಹೊಸ ಬೋರ್ಡು. ಹಳೆಯದನ್ನು ಗುಜರಿಗೆ ಕೊಟ್ಟರು. ಆ ಒಂಬತ್ತು ಎಲ್ಲಿ ಹೋಯಿತೋ.

ನೋಡು, ನಾಲ್ಕು ಹಾಳೆ ತುಂಬಿತು, ಹೇಳಬೇಕಾದದ್ದು ಇನ್ನೂ ತೆರೆಮರೆಯಲ್ಲೇ ನಿಂತಿದೆ. ನಾಲ್ಕೂ ಇಪ್ಪತ್ತಾಯಿತು. ಸಿಸ್ಟರ್ ಬಾಗಿಲು ತೆರೆಯಲು ಹೊರಟಿದ್ದಾರೆ, ಅಮ್ಮ ಕೆಳಗೆ ಲಿಫ್ಟಿನ ಸಾಲಿನಲ್ಲಿ ನಿಂತಿರಬೇಕು. ಅವಳಿಗೆ ಹೇಳಿ ಮುಗಿಸಿದ ಮೇಲೆ ನಿನಗೆ ಬರೆಯುತ್ತೇನೆ. ಬಾಯಲ್ಲಿ ಒಂದು ಸಲ ಆಡಿದರೆ ಕೈಗೆ ಧೈರ್ಯ ಬರಬಹುದು. ಒಂದು ವೇಳೆ ನಾಳೆ ಏನಾದರೂ ಹೆಚ್ಚುಕಡಿಮೆಯಾಗಿ ನಾನು ಮೇಲೇಳದಿದ್ದರೆ, ಇಷ್ಟಾದರೂ ನಿನಗೆ ತಲುಪಲಿ: ನೀನು ಮನೆಗೆ ಬಾ. ನನ್ನನ್ನು ನೋಡಲು ಬೇಡ, ಮನೆಗೆ.

ನಿನ್ನ ಮನೆಯಾಕೆಗೆ ನನ್ನ ನಮಸ್ಕಾರ, ಮಗುವಿನ ಎರಡೂ ಕೆನ್ನೆಗೆ ದೊಡ್ಡಪ್ಪನ ಮುತ್ತು. ನೂರು ವರ್ಷ ಬಾಳು, ಕಣ್ಣು ಕಾಪಾಡಿಕೋ.

ಇಂತಿ, ಇನ್ನೂ ಹದಿನೈದು ಗಂಟೆ ಮಾತಾಡಬಲ್ಲ,
ನಿನ್ನ ಅಣ್ಣ

ಮರೆತ ಮಾತು: ಮರೆತದ್ದಲ್ಲ, ಹತ್ತೊಂಬತ್ತು ವರ್ಷ ಮುಂದೂಡಿದ್ದು. ಆರೂಕಾಲು ಗಂಟೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ಅಮ್ಮ ಕಾಗದಕ್ಕಾಗಿ ಕೈಚಾಚಿ ನಿಂತಿದ್ದಾಳೆ.

ಹೇಳಲಿಲ್ಲ. ಅರ್ಧ ಗಂಟೆ ಅವಳು ಪಕ್ಕದಲ್ಲಿ ಕೂತಿದ್ದಳು, ನಾನು ವಾರ್ಡಿನ ಊಟ, ದರ್ಜಿಯ ಸ್ಲೇಟು, ಡಾಕ್ಟರಮ್ಮನ ಚಪ್ಪಲಿ ಎಲ್ಲ ಮಾತಾಡಿದೆ. ಜೀವಮಾನವಿಡೀ ಮಾತಿಗೆ ಮೊದಲೇ ಬಾಯಿ ಹಾಕಿದವನು ಇವತ್ತು ತಡ ಮಾಡಿದೆ. ಐದು ಹೊಡೆಯಿತು, ರೇಡಿಯೋ ಹಾಕಿದರು. ಅಮ್ಮ ಆ ಓವರನ್ನು ಕೇಳುತ್ತಿದ್ದದ್ದು ಇದೇ ಮೊದಲು. ಚೆಂಡು ಪ್ಯಾಡಿಗೆ ಬಡಿಯಿತು, ಹನ್ನೊಂದು ಜನ ಅಪೀಲು ಮಾಡಿದರು, ಜನ ಎದ್ದರು, ಆ ಗದ್ದಲದ ಹಿಂದೆ ಸಣ್ಣಗೆ ನನ್ನ ದನಿ: "ಐನೂರು!" ಕಾಮೆಂಟರಿಯವನು ನಕ್ಕ. "ನಮ್ಮ ಮೈಕಿನವರಿಗೆ ಬುಗುರಿಗಿಂತ ಅವಸರ! ಅಂಪೈರ್ ತಲೆ ಅಲ್ಲಾಡಿಸ್ತಿದಾರೆ. ಇಲ್ಲ, ಔಟಿಲ್ಲ!" ವಾರ್ಡಿನ ಭುಜಗಳೆಲ್ಲ ಕುಣಿದವು. ದರ್ಜಿ ನನಗೆ ಸಲಾಮು ಹೊಡೆದ. ಆಮೇಲೆ ಮುಂದಿನ ಎಸೆತ. ಅದು ನಿಜವಾದ ಐನೂರು. ಬೌಲ್ಡ್.

ಕೇಳು ತಮ್ಮಾ. ದೀಪ ಹತ್ತಿರಲಿಲ್ಲ. ಬೆರಳೂ ಎದ್ದಿರಲಿಲ್ಲ. ಆ ಐನೂರನ್ನು ಲೋಕಕ್ಕೆ ಮೊದಲು ಹೇಳಿದವನು ನಾನಾಗಬೇಕು ಅಂತ, ಬರೀ ಅಪೀಲಿಗೆ ನಾನು ಕೂಗಿಬಿಟ್ಟೆ. ಇಪ್ಪತ್ತು ಸಾವಿರ ಗಂಟಲಿನ ನಡುವೆ ಅದು ಕೇಳಿಸಿದ್ದು ಯಾರಿಗೆ? ಒಂದು ಲೌಡ್‌ಸ್ಪೀಕರು ಬೋರ್ಡಿನ ನೆತ್ತಿಯ ಮೇಲೆ ಕಟ್ಟಿತ್ತಲ್ಲ, ಅದರ ಕೆಳಗೆ ಮೈದಾನಕ್ಕೆ ಬೆನ್ನು ಹಾಕಿ ನಿಂತಿದ್ದವರಿಗೆ. ಬಾಯಿ ಕೊನೆಯದು. ಬಾಯಿ ಬಂತು ಅಂದರೆ ದೀಪ ಹತ್ತಿ ಆಗಿದೆ, ತಾನು ತಡ ಮಾಡಿದೆ ಅಂತ ಅಪ್ಪ ತಿಳಿದರು. ನಿನ್ನನ್ನು ಕಾಯಲಿಲ್ಲ. "ಲೇಟಾಯ್ತಾ" ಅಂತ ಕೇಳಿದ್ದು ಅದಕ್ಕೇ. ಅವರು ನಿನ್ನ ತೊಡೆಯ ಮೇಲಿದ್ದಾಗ ಮ್ಯಾಚು ನಡೆಯುತ್ತಲೇ ಇತ್ತು, ಮುಂದಿನ ಎಸೆತಕ್ಕೆ ದೀಪ ಹತ್ತಿತು, ನಾನು ಇನ್ನೊಮ್ಮೆ ಕೂಗಿದೆ, ಬೋರ್ಡಿನ ಮೇಲೆ ತಗಡು ಬರಲಿಲ್ಲ. ಸ್ವಿಚ್ಚು ಒತ್ತಿದ್ದು ಯಾವ ಎಸೆತಕ್ಕೆ ಅಂತ ಕಾರ್ಯದರ್ಶಿ ಕೇಳಲಿಲ್ಲ, ನಾನು ಹೇಳಲಿಲ್ಲ. ನಿನ್ನ ಕಣ್ಣು ಸರಿಯಿತ್ತು. ನೀನು ದೀಪವನ್ನೇ ನೋಡುತ್ತಿದ್ದೆ.

ಅಮ್ಮ ರೇಡಿಯೋ ಆರಿಸಲಿಲ್ಲ. ಪೂರ್ತಿ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಅಂದ್ರೆ ಅವನು ಹೇಳಿದ್ದು ನಿಜ" ಅಂದಳು. "ಹೌದಮ್ಮ" ಅಂದೆ. ನನ್ನ ದನಿಯಲ್ಲಿ ನಾನು ಆಡಿದ ಕೊನೆಯ ಮಾತು ಅದು, ಅದಾದ ಮೇಲೆ ಬಾಯಿ ತೆರೆದಿಲ್ಲ, ಇನ್ನು ತೆರೆಯುವುದೂ ಇಲ್ಲ. ಅವಳು ಚೀಲದ ಹಿಡಿಯನ್ನು ನೀವುತ್ತಾ ಹೇಳಿದಳು: "ದೀಪ ಹತ್ತಿಲ್ಲ ಅಂತ ಮೂರು ಸಲ ಹೇಳ್ತು ಆ ಮಗು. ಮೂರು ಸಲಾನೂ ನಾನು ನಿನ್ನ ಮುಖ ನೋಡಿದೆ."

ನಾಳೆ ಎಂಟು ಗಂಟೆಗೆ ಅವಳು ಇಲ್ಲಿರುವುದಿಲ್ಲ. ಸಹಿ ಹಾಕಲು ಯಾರಾದರೂ ಬೇಕು ಅಂತ ಸಿಸ್ಟರ್ ಅಂದರು, "ಅವನೇ ಹಾಕ್ಕೊಳ್ಲಿ" ಅಂದಳು. ಬೆಳಗಿನ ಮೊದಲ ಬಸ್ಸಿಗೆ ನಿನ್ನ ಊರಿಗೆ ಹೊರಡುತ್ತಾಳೆ, ವಿಳಾಸದ ಕಾರ್ಡು ಕೇಳಿ ತೆಗೆದುಕೊಂಡಳು. ಈ ಕಾಗದ ಅಂಚೆಯಲ್ಲಿ ಬರುವುದಿಲ್ಲ, ಅವಳ ಕೈಯಲ್ಲೇ ಬರುತ್ತದೆ. ಮನೆಗೆ ಹೋಗಿ ಡ್ರಾಯರಿನಿಂದ ಆ ಚೆಂಡನ್ನೂ ತೆಗೆದುಕೊಳ್ಳುತ್ತಾಳಂತೆ. ಅದನ್ನು ಅಪ್ಪ ನೋಡಲಿಲ್ಲ, ನೀನೂ ನೋಡಲಿಲ್ಲ. ಮಗುವಿಗೆ ಕೊಡು, ಉರುಳಿಸಿಕೊಂಡು ಆಡಲಿ.

ಅವಳಿಗೆ ಎಪ್ಪತ್ತೆಂಟು. ಮೊಣಕಾಲು ಮಡಚುವುದಿಲ್ಲ, ನಿನ್ನ ಮನೆ ಎರಡನೇ ಮಹಡಿ. ಕೆಳಗಿನಿಂದ ನಿನ್ನ ಹೆಸರು ಹಿಡಿದು ಕೂಗುತ್ತಾಳೆ, ಹತ್ತೊಂಬತ್ತು ವರ್ಷದಿಂದ ಕೂಗದ ಹೆಸರು, ದನಿ ಏಳದೆಯೂ ಇರಬಹುದು. ಕಿಟಕಿಯ ಹತ್ತಿರವೇ ಇರು. ಇಳಿದು ಬಂದು ಹಿಡಿದುಕೋ.